ಹುಳು ಮನೆ ಮಾಳಿಗೆಯ ಹೊಗೆ ಮಿಷಿನ್ನು

ಬೆಟ್ಟಕ್ಕೆ ಬೆಂಕಿ ಬೀಳಲಿ ಎಂದು ಬಾಯಿಬಿಟ್ಟು ಹೇಳುವಂತಿಲ್ಲ; ಬೀಳದೆ ಹೋದರೆ ಐದು ವರ್ಷದ ಓದು ಮಣ್ಣುಪಾಲು. ಸಂಘಮಿತ್ರ ಸಿಕ್ಕಿಕೊಂಡಿದ್ದ ಪೇಚು ಇದು. ದಿಬ್ಬೂರಹಳ್ಳಿಯಿಂದಾಚೆಗಿನ ಆ ಹಳ್ಳಿಯಲ್ಲಿ ಫೆಬ್ರವರಿ ಹುಟ್ಟಿದಾಗಿನಿಂದ ಎಲ್ಲರೂ ಬೆಟ್ಟದ ಕಡೆ ನೋಡಿ, ಸದ್ಯ ಇವತ್ತೂ ಹೊಗೆ ಇಲ್ಲ ಎಂದು ಉಸಿರು ಬಿಡುತ್ತಿದ್ದರು. ಇವಳೊಬ್ಬಳು ಅದೇ ಬೆಟ್ಟ ನೋಡಿ, ಅಯ್ಯೋ ಇವತ್ತೂ ಹೊಗೆ ಇಲ್ಲವಲ್ಲ ಎಂದು ಉಸಿರು ಬಿಡುತ್ತಿದ್ದಳು.

ಅವಳ ಸಂಶೋಧನೆ ಕಾಡ್ಗಿಚ್ಚಿನ ಹೊಗೆಯ ಮೇಲೆ. ಹೊಗೆ ಎಂದರೆ ನಮಗೆ ನಿಮಗೆ ಕಣ್ಣುರಿ, ಕೆಮ್ಮು, ಒಂದಿಷ್ಟು ಬೈಗುಳ, ಅಲ್ಲಿಗೆ ಮುಗಿಯಿತು. ಅವಳಿಗೆ ಹಾಗಲ್ಲ. ಹೊಗೆಯಲ್ಲಿ ಎಂಥೆಂಥ ಗಾತ್ರದ ಕಣಗಳಿವೆ, ಯಾವುದು ಎಷ್ಟಿದೆ ಎಂದು ಎಣಿಸಬೇಕು. ದಪ್ಪ ಕಣ ಮೂಗಿನಲ್ಲೇ ನಿಂತುಬಿಡುತ್ತದೆ. ಸಣ್ಣದು ಎದೆಯ ತಳಕ್ಕಿಳಿದು ಮನೆ ಮಾಡಿಕೊಳ್ಳುತ್ತದೆ. ಎಣಿಸುವುದಕ್ಕೆ ಬೆಂಗಳೂರಿನ ಸಂಸ್ಥೆ ಒಂದು ಯಂತ್ರ ಕೊಟ್ಟಿತ್ತು. ಹೊಲಿಗೆ ಮಿಷಿನ್ನಿನ ಪೆಟ್ಟಿಗೆಯಷ್ಟು ದೊಡ್ಡದು, ಮೇಲೊಂದು ಕೊಳವೆ. ಕೊಳವೆಯಲ್ಲಿ ಗಾಳಿ ಎಳೆದುಕೊಂಡು, ಅದರೊಳಗಿನ ಕಣಗಳನ್ನು ಹದಿನಾರು ಗಾತ್ರಗಳಾಗಿ ವಿಂಗಡಿಸಿ, ನಿಮಿಷಕ್ಕೊಂದು ಸಲ ಲೆಕ್ಕ ಒಪ್ಪಿಸುತ್ತಿತ್ತು. ಮಾರ್ಚ್ ಮೂವತ್ತೊಂದಕ್ಕೆ ಅದನ್ನು ವಾಪಸು ಕೊಡಬೇಕು, ಅಲ್ಲಿಂದ ಅದು ಉತ್ತರ ಭಾರತದ ಇನ್ಯಾರದೋ ಕೈ ಸೇರುತ್ತದೆ. ಜೂನಿಗೆ ಇವಳ ಫೆಲೋಶಿಪ್ಪೂ ಮುಗಿಯುತ್ತದೆ. ಅಷ್ಟರೊಳಗೆ ಒಂದು ಬೆಂಕಿ, ಒಂದೇ ಒಂದು, ಮೊದಲ ಹೊಗೆಯಿಂದ ಕೊನೆಯ ಹೊಗೆಯವರೆಗೆ ದಾಖಲಾಗಬೇಕಿತ್ತು.

ಯಂತ್ರ ಇಡಲು ಅವಳು ಆರಿಸಿಕೊಂಡ ಜಾಗ, ಆ ಊರಲ್ಲಿ ರೇಷ್ಮೆ ಹುಳು ಸಾಕುವ ವರಲಕ್ಷ್ಮಮ್ಮನ ಹುಳು ಮನೆಯ ಮಾಳಿಗೆ. ಬೆಂಗಳೂರಿನ ಮೇಷ್ಟ್ರುಗಳು ಹುಬ್ಬೇರಿಸಿದರು. ಆದರೆ ಶಿಡ್ಲಘಟ್ಟದ ಸೀಮೆ ಬಲ್ಲವರಿಗೆ ಅದರ ಜಾಣತನ ಗೊತ್ತಾಗುತ್ತದೆ. ರೇಷ್ಮೆ ಹುಳುವಿಗೆ ಹೊಗೆ ಆಗದು. ಆದ್ದರಿಂದ ಹುಳು ಮನೆ ಹಿಪ್ಪುನೇರಳೆ ತೋಟದ ನಡುವೆ ಒಂಟಿಯಾಗಿರುತ್ತದೆ. ಹತ್ತಿರದಲ್ಲಿ ಒಲೆ ಇಲ್ಲ, ಕಸ ಸುಡುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ. ಊರಲ್ಲೆಲ್ಲ ಅಷ್ಟು ಚೊಕ್ಕಟವಾದ ಗಾಳಿ ಇನ್ನೆಲ್ಲೂ ಇಲ್ಲ. ಬೆಟ್ಟದ ಹೊಗೆ ಬಂದರೆ ಅದೊಂದೇ ಬರುತ್ತದೆ, ಬೇರೆ ಯಾವ ಹೊಗೆಯೂ ಬೆರೆಯುವುದಿಲ್ಲ.

ಇದಲ್ಲದೆ ಆ ಮನೆ ಅವಳಿಗೆ ಕೇಳಿ ಗೊತ್ತಿತ್ತು. ಅವಳ ಅಪ್ಪ ಆವುಲಪ್ಪ ಚಿಂತಾಮಣಿಯಲ್ಲಿ ಮೇಷ್ಟ್ರಾಗಿ ಅಲ್ಲೇ ಮನೆ ಕಟ್ಟಿಸಿದ ಮೇಲೆ ಈ ಊರಿನ ನಂಟು ತೆಳುವಾಗಿತ್ತು. ಅದಕ್ಕೆ ಮೊದಲು ಅಜ್ಜಿ ಗಂಗುಲಮ್ಮ ಇದೇ ತೋಟದಲ್ಲಿ ಇಪ್ಪತ್ತೆರಡು ವರ್ಷ ಸೊಪ್ಪು ಕೊಯ್ದವಳು. ಹೊತ್ತು ತಂದ ಹೊರೆಯನ್ನು ಹುಳು ಮನೆಯ ಹೊಸ್ತಿಲ ಆಚೆ ಇಳಿಸಿ ದೂರ ನಿಲ್ಲಬೇಕು. ಮನೆಯವರ ನೆಂಟರ ಪೈಕಿ ಹೆಂಗಸರು ಕೂಲಿಗೆ ಬಂದರೆ ಒಳಗೆ ಹೋಗಿ ಹುಳುವಿಗೆ ಸೊಪ್ಪು ಹಾಕಬಹುದು, ಗಂಗುಲಮ್ಮ ಹೋಗುವಂತಿಲ್ಲ. ಯಾಕೆಂದು ಕೇಳಿದರೆ, ಹೊರಗಿನೋರು ಬಂದ್ರೆ ಹುಳಕ್ಕೆ ರೋಗ ಬರುತ್ತೆ ಎನ್ನುತ್ತಿದ್ದಳು ವರಲಕ್ಷ್ಮಮ್ಮನ ಅತ್ತೆ ಅಮ್ಮಾಜಮ್ಮ. ಯಾರು ಹೊರಗಿನವರು ಎನ್ನುವುದು ಕೇಳದೆಯೇ ಎಲ್ಲರಿಗೂ ಗೊತ್ತಿದ್ದ ಸಂಗತಿ. ಅತ್ತೆ ಹೋದ ಮೇಲೆ ಕೀಲಿಕೈ ಸೊಸೆಗೆ ಬಂತು, ಕೀಲಿಕೈ ಜೊತೆ ಕಟ್ಟಳೆಯೂ ಬಂತು.

ಸಂಘಮಿತ್ರಳನ್ನು ವರಲಕ್ಷ್ಮಮ್ಮ ಚೆನ್ನಾಗಿಯೇ ನೋಡಿಕೊಂಡಳು. ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟಳು, ಮಲಗಲು ಮುಂದಿನ ಕೋಣೆ ಬಿಟ್ಟುಕೊಟ್ಟಳು, ಊಟಕ್ಕೆ ಜೊತೆಯಲ್ಲಿ ಕೂತಳು. ಮಾಳಿಗೆಗೆ ಹೊರಗಿನ ಮೆಟ್ಟಿಲಿತ್ತಾದ್ದರಿಂದ ಹುಳು ಮನೆಯ ಬಾಗಿಲಿನ ಮಾತು ಬರಲೇ ಇಲ್ಲ. ಎತ್ತದಿದ್ದರೆ ಎಷ್ಟೋ ಮಾತು ಹಾಗೇ ಇದ್ದುಬಿಡುತ್ತವೆ.

ಬೆಂಕಿ ಮಾತ್ರ ಬರಲಿಲ್ಲ. ಅದಕ್ಕೆ ಕಾರಣ ಅರಣ್ಯ ಇಲಾಖೆಯ ವಾಚರ್ ಮುನಿಗಂಗಪ್ಪ. ಆ ಪುಣ್ಯಾತ್ಮ ಜನವರಿಯಲ್ಲೇ ಬೆಟ್ಟದ ಸುತ್ತ ಹುಲ್ಲು ಸವರಿ ಬೆಂಕಿ ದಾಟದಂತೆ ಪಟ್ಟೆ ಹೊಡೆದಿದ್ದ, ಕುರಿ ಮೇಯಿಸುವವರ ಜೇಬು ತಡಕಿ ಬೆಂಕಿಪೊಟ್ಟಣ ಕಿತ್ತುಕೊಳ್ಳುತ್ತಿದ್ದ. ಹನ್ನೊಂದು ವರ್ಷದ ನೌಕರಿಯಲ್ಲಿ ಅಷ್ಟು ಶ್ರದ್ಧೆಯಿಂದ ಅವನು ಎಂದೂ ದುಡಿದಿರಲಿಲ್ಲ. ದಿನಾ ಸಂಜೆ ಬಂದು ವರದಿ ಒಪ್ಪಿಸುವನು.

"ಇವತ್ತೂ ಏನಿಲ್ಲ ಮೇಡಮ್ಮ."

"ಒಳ್ಳೇದಾಯ್ತು" ಎನ್ನುವಳು ಸಂಘಮಿತ್ರ, ಮುಖ ಇಳಿಬಿಟ್ಟುಕೊಂಡು.

"ನಾನು ಕೆಲ್ಸ ಸರಿಯಾಗ್ ಮಾಡಿದ್ರೂ ನಿಮಗೆ ಬೇಜಾರು. ಬೇಕಾದ್ರೆ ಒಂದು ಮೂಲೇಲಿ ಚೂರೇ ಚೂರು ಹಚ್ಚಿ ಆರಿಸ್ಲಾ?"

"ಬ್ಯಾಡಪ್ಪ!" ಎಂದು ಅವಳು ಚೀರುವಳು. ಅವಳು ಚೀರುವುದಕ್ಕೆ ಒಂದು ಕ್ಷಣ ತಡಮಾಡುತ್ತಿದ್ದಳು ಎಂದು ಊರವರು ಆಡಿಕೊಂಡರು. ಅದು ಸುಳ್ಳು ಎಂದು ಅವಳ ಪರವಾಗಿ ನಾವೂ ಆಣೆ ಮಾಡಲಾರೆವು.

ಬೆಂಕಿ ಇಲ್ಲದ ಆ ದಿನಗಳಲ್ಲೂ ಯಂತ್ರ ಸುಮ್ಮನಿರಲಿಲ್ಲ. ಪ್ರತಿದಿನ ಬೆಳಿಗ್ಗೆ ಐದೂ ನಲವತ್ತಕ್ಕೆ ಸರಿಯಾಗಿ ಸಣ್ಣ ಕಣಗಳ ಒಂದು ಗುಂಪು ಎದ್ದು, ಏಳು ನಿಮಿಷ ನಿಂತು, ಅಡಗುತ್ತಿತ್ತು. ಒಲೆಯೋ, ಟ್ರಾಕ್ಟರೋ ಎಂದು ಮೂರು ದಿನ ತಲೆ ಕೆಡಿಸಿಕೊಂಡು, ನಾಲ್ಕನೇ ದಿನ ಅವಳು ಐದೂವರೆಗೇ ಎದ್ದು ತೋಟದಲ್ಲಿ ಕಾದಳು. ಮೋಟಾರು ಮನೆಯ ಹಿಂದೆ ವರಲಕ್ಷ್ಮಮ್ಮನ ಗಂಡ ರಾಮಾಂಜಿನಪ್ಪ ಕುಕ್ಕರುಗಾಲಿನಲ್ಲಿ ಕೂತು ಪರಮ ಸುಖದಿಂದ ಬೀಡಿ ಸೇದುತ್ತಿದ್ದ. ಹತ್ತು ವರ್ಷದ ಹಿಂದೆ ಹುಳುವಿನ ಮೇಲೆ ಆಣೆ ಇಟ್ಟು ಬೀಡಿ ಬಿಟ್ಟವನೆಂದು ಹೆಂಡತಿ ಊರೆಲ್ಲ ಹೊಗಳುವ ಗಂಡ.

"ಅಮ್ಮಾಯಿ, ನಿನ್ ಮಿಷಿನ್ನಿಗೆ ಕಣ್ಣೈತಾ?" ಎಂದು ಬೆಚ್ಚಿದ ಆತ, ಬೀಡಿಯನ್ನು ಹಿಸುಕುತ್ತ. "ನಮ್ಮನೆಯೋಳಿಗೆ ಹೇಳ್ಬ್ಯಾಡ ಕಣಮ್ಮ. ನಿನ್ ಕಾಲಿಗೆ ಬೇಕಾದ್ರೂ..."

"ಹೇಳಲ್ಲ. ಆದ್ರೆ ಸೇದಿದ ಟೈಮು ಬರೆದಿಡ್ಬೇಕು. ಬೆಟ್ಟದ ಹೊಗೆ ಬಂದ ದಿನ ಅದರಲ್ಲಿ ನಿಮ್ ಹೊಗೆ ಎಷ್ಟು ಅಂತ ನಾನು ಕಳೀಬೇಕಲ್ಲ."

ಪಾಪ, ಆತ ಪ್ರಾಮಾಣಿಕ ಮನುಷ್ಯ. ವಿಜ್ಞಾನಕ್ಕೆಂದು ತಪ್ಪದೆ ಬರೆದ. ಬರೆದದ್ದು ಎಲ್ಲಿ ಎಂದರೆ, ಹುಳು ಎಂದು ಜ್ವರಕ್ಕೆ ಕೂತವು, ಎಂದು ಎದ್ದವು ಎಂದು ಹೆಂಡತಿ ಗುರುತು ಹಾಕುವ ಅದೇ ಕ್ಯಾಲೆಂಡರಿನ ಹಿಂಬದಿಯಲ್ಲಿ. ಹುಳು ಪೊರೆ ಬಿಡುವುದಕ್ಕೆ ಆ ಕಡೆಯವರು ಜ್ವರ ಎನ್ನುತ್ತಾರೆ. ಆ ತಿಂಗಳ ಹಾಳೆ ಮಗುಚಿದಾಗ ರಾಮಾಂಜಿನಪ್ಪನ ಜ್ವರ ಬಿಡಿಸುವ ಕೆಲಸ ವರಲಕ್ಷ್ಮಮ್ಮನ ಪಾಲಿಗೆ ಬಂತು. ಅವಳು ಅದನ್ನು ಎರಡು ದಿನ ಮಾಡಿದಳು.

ಮೂರನೇ ದಿನ ಮಾಳಿಗೆ ಹತ್ತಿ ಬಂದು ಯಂತ್ರದ ಎದುರು ಸೊಂಟಕ್ಕೆ ಕೈಯಿಟ್ಟು ನಿಂತಳು. "ಹತ್ತು ವರ್ಷ ನನ್ ಮೂಗಿಗೆ ಸಿಗ್ದೆ ಇದ್ದಿದ್ದು ಈ ಡಬ್ಬಕ್ಕೆ ಸಿಕ್ತಲ್ಲೇ! ಇದು ಸುಳ್ಳು ಹೇಳೋ ಪೈಕಿ ಅಲ್ಲ ಕಣಮ್ಮ."

ಅಂದಿನಿಂದ ಯಂತ್ರ ಅವಳ ಮನೆಯ ಕೂಸಾಯಿತು. ಬೆಳಿಗ್ಗೆ ಒಣಬಟ್ಟೆಯಲ್ಲಿ ಒರೆಸುವಳು. ಬಿಸಿಲಿಗೆ ಕಾಯುತ್ತದೆಂದು ತೆಂಗಿನ ಗರಿಯ ನೆರಳು ಕಟ್ಟಿದಳು. ಕರೆಂಟು ಹೋದರೆ ಟಿವಿಗಿಂತ ಮೊದಲು ಅದಕ್ಕೆ ಯುಪಿಎಸ್ ಸಿಕ್ಕಬೇಕು. ಅಕ್ಕರೆಯಿಂದ ನೋಡಿಕೊಳ್ಳುವ ವಿದ್ಯೆ ಅವಳಿಗೆ ಗೊತ್ತಿದ್ದದ್ದು ಒಂದೇ, ಹುಳು ಸಾಕುವುದು; ಅದನ್ನೇ ಯಂತ್ರಕ್ಕೂ ಮಾಡಿದಳು. ಸಂಘಮಿತ್ರ ನಕ್ಕು ಸುಮ್ಮನಾದಳು. ಆಗಲೇ ಒಂದು ಮಾತು ಹೇಳಿಬಿಟ್ಟಿದ್ದರೆ ಮುಂದಿನದು ತಪ್ಪುತ್ತಿತ್ತು.

ಮಾರ್ಚ್ ಇಪ್ಪತ್ತಾರು ಬಂತು. ಐವತ್ತಕ್ಕೂ ಹೆಚ್ಚು ದಿನ ಯಂತ್ರ ಬಿಟ್ಟು ಅಲುಗಾಡದವಳನ್ನು ಚಿಂತಾಮಣಿಯಿಂದ ಅಜ್ಜಿ ಫೋನಿನಲ್ಲಿ ತರಾಟೆಗೆ ತೆಗೆದುಕೊಂಡಳು: ತಲೆ ಕೂದಲು ತೆಂಗಿನ ನಾರಾಗಿದೆ, ಒಂದು ದಿನ ಬಂದು ಎಣ್ಣೆ ಹಚ್ಚಿಸಿಕೊಂಡು ಹೋಗು. ಸಂಘಮಿತ್ರ ಹೋದಳು. ಮರುದಿನ ಮಧ್ಯಾಹ್ನ ಗಂಗುಲಮ್ಮ ಮೊಮ್ಮಗಳನ್ನು ಎದುರು ಕೂರಿಸಿಕೊಂಡು ಬಟ್ಟಲು ಹರಳೆಣ್ಣೆಯನ್ನು ನೆತ್ತಿಗೆ ಸುರಿದು ತಟ್ಟುತ್ತಿದ್ದಾಗ ಫೋನು ಹೊಡೆದುಕೊಂಡಿತು.

"ಮೇಡಮ್ಮ, ಬಿತ್ತು ಕಣಮ್ಮ, ಬಿತ್ತು!" ಮುನಿಗಂಗಪ್ಪ ಕೂಗುತ್ತಿದ್ದ. "ಪಡುವಣ ಇಳಿಜಾರಿನ ಕಡೆ. ಒಂದು ಗಂಟೆಗೆ ಶುರುವಾಯ್ತು. ಗಾಳಿ ನಿಮ್ ಮಿಷಿನ್ ಕಡೆಗೇ ಐತೆ!" ಆಮೇಲೆ ತಾನು ಏನನ್ನು ಸಂಭ್ರಮಿಸುತ್ತಿದ್ದೇನೆಂದು ಹೊಳೆದು, "ಥೂ, ನನ್ ಬಾಯಿಗಿಷ್ಟು" ಎಂದು ಫೋನಿಟ್ಟು ಸೊಪ್ಪಿನ ರೆಂಬೆ ಹಿಡಿದು ಬೆಂಕಿ ಬಡಿಯಲು ಓಡಿದ.

ಸಂಘಮಿತ್ರಳಿಗೆ ಕುಣಿಯುವಷ್ಟು ಸಂತೋಷವಾಯಿತು, ಹಿಂದೆಯೇ ನಾಚಿಕೆಯೂ ಆಯಿತು. "ಬೆಟ್ಟ ಉರೀತಿದೆ ಅಂದ್ರೆ ಹಲ್ಲು ಕಿರೀತೀಯಲ್ಲೇ" ಎಂದು ಅಜ್ಜಿ ಬೆನ್ನಿಗೊಂದು ಗುದ್ದಿದಳು. ಎಣ್ಣೆತಲೆಗೆ ಟವೆಲು ಸುತ್ತಿಕೊಂಡು ಅವಳು ತಮ್ಮ ಜಗನ್‌ನ ಬೈಕು ಹತ್ತಿದಳು. ದಾರಿಯುದ್ದಕ್ಕೂ ನೆಮ್ಮದಿಯಾಗಿದ್ದಳು. ಯಂತ್ರ ತನ್ನ ಪಾಡಿಗೆ ತಾನು ಎಣಿಸುತ್ತಿರುತ್ತದೆ, ತಾನು ಅಲ್ಲಿರಲೇಬೇಕೆಂದೇನೂ ಇಲ್ಲ.

ಹಳ್ಳಿ ಮುಟ್ಟುವಾಗ ಮೂರೂ ನಲವತ್ತು. ಅವಳನ್ನು ಇಳಿಸಿ ಜಗನ್ ಬೆಂಕಿ ಆರಿಸುವವರ ಕಡೆ ಬೈಕು ತಿರುಗಿಸಿದ. ಬೆಟ್ಟದ ಇಳಿಜಾರು ಕಪ್ಪಾಗಿತ್ತು, ತೋಟದ ಮೇಲೆ ಹೊಗೆ ಕೂತಿತ್ತು. ಕೆಮ್ಮುತ್ತಲೇ ಮಾಳಿಗೆ ಹತ್ತಿದಳು. ತೆಂಗಿನ ಗರಿಯ ಚಪ್ಪರವಿತ್ತು. ಯಂತ್ರ ಕೂರಿಸಿದ್ದ ನಾಲ್ಕು ಇಟ್ಟಿಗೆ ಇದ್ದವು. ಯಂತ್ರ ಇರಲಿಲ್ಲ.

ಮೆಟ್ಟಿಲು ಇಳಿದದ್ದೂ ಗೊತ್ತಾಗಲಿಲ್ಲ. ಹುಳು ಮನೆಯ ಬಾಗಿಲಲ್ಲಿ ವರಲಕ್ಷ್ಮಮ್ಮ ಸೆರಗು ಮೂಗಿಗೆ ಕಟ್ಟಿಕೊಂಡು ನಿಂತಿದ್ದಳು. ಕಣ್ಣಲ್ಲಿ ಗೆದ್ದ ಕಳೆ.

"ಮಿಷಿನ್ ಹುಡುಕ್ತಿದ್ದೀಯಾ? ಭದ್ರವಾಗೈತೆ ಕಣಮ್ಮ. ಹೊಗೆ ಬಂದಿದ್ದೇ ತಡ, ನಾನೂ ಇವರೂ ಎತ್ಕೊಂಡು ಒಳಗ್ ತಂದ್ಬಿಟ್ವಿ. ಒಂದೂ ಕಾಲಾಗಿತ್ತು ಅಷ್ಟೇ, ಜಾಸ್ತಿ ಹೊಗೆ ಕುಡಿಯಕ್ ಬಿಡ್ಲಿಲ್ಲ. ಕಿಟಕಿಗೆಲ್ಲ ಒದ್ದೆ ಗೋಣಿ ಇಳಿಬಿಟ್ಟಿದ್ದೀನಿ. ಪ್ಲಗ್ಗೂ ಹಾಕಿದ್ದೀನಿ, ನಿಂತಿಲ್ಲ."

ಸಂಘಮಿತ್ರ ಕೆಳಗಿನ ಮೆಟ್ಟಿಲ ಮೇಲೆ ಕೂತಳು.

"ಅಮ್ಮ, ಅದು ಹೊಗೆ ಅಳೆಯೋ ಮಿಷಿನ್ನು."

"ಗೊತ್ತು ಕಣಮ್ಮ."

"ಹೊಗೇಲೇ ಇರ್ಬೇಕು ಅಮ್ಮ ಅದು. ಹೊಗೆ ಕುಡಿಯೋದೇ ಅದರ ಕೆಲ್ಸ. ಈ ಒಂದು ದಿನಕ್ಕೆ ನಾನು ಎರಡು ತಿಂಗಳು ಕಾದಿದ್ದೀನಿ. ಇನ್ನು ನಾಲ್ಕು ದಿನಕ್ಕೆ ಅದು ವಾಪಸ್ ಹೋಗುತ್ತೆ." ಹೇಳುತ್ತ ಹೇಳುತ್ತ ಅಳು ಬಂತು. ಹಣೆಯಿಂದ ಇಳಿದ ಎಣ್ಣೆ ಕಣ್ಣಿಗೆ ಹೋಗಿ ಇನ್ನಷ್ಟು ಉರಿಯಿತು.

ವರಲಕ್ಷ್ಮಮ್ಮನ ಮುಖದ ಕಳೆ ಇಳಿಯಿತು. "ಹುಳ ನೋಡ್ಕೊಂಡಂಗೆ ನೋಡ್ಕೊಂಡ್ನಲ್ಲೇ" ಎಂದಳು, ತನಗೇ ಎಂಬಂತೆ. ನಲವತ್ತು ವರ್ಷದಲ್ಲಿ ಹೊಗೆ ಕಂಡರೆ ಅವಳಿಗೆ ಹೊಳೆದದ್ದು ಒಂದೇ: ಯಾವುದರ ಮೇಲೆ ಜೀವ ಇದೆಯೋ ಅದನ್ನು ಒಳಗಿಡು, ಕಿಟಕಿಗೆ ಗೋಣಿ ಬಿಡು. ಹೊಗೆಗೆ ಮೈಯೊಡ್ಡಿ ಕೂರುವುದಕ್ಕೆಂದೇ ಹುಟ್ಟಿದ ಪದಾರ್ಥವೊಂದು ಲೋಕದಲ್ಲಿರಬಹುದು ಎಂದು ಅವಳಾದರೂ ಹೇಗೆ ಎಣಿಸಿಯಾಳು?

ಬೆಟ್ಟದ ಕಡೆ ನೋಡಿದಳು. "ಇನ್ನೂ ಹೊಗೆ ಬರ್ತೈತಲ್ಲ. ಈಗ ಇಟ್ರೆ ಆಗಲ್ವಾ?"

ಸಂಘಮಿತ್ರ ಕಣ್ಣೊರೆಸಿಕೊಂಡಳು. ಜ್ವಾಲೆಯ ಹೊಗೆ ಹೋಯಿತು. ಆದರೆ ಬೂದಿಯಡಿ ಕನಲುವ ಕೆಂಡದ ಹೊಗೆ ಇನ್ನೂ ಇದೆ. ಅದರ ಕಣವೇ ಬೇರೆ, ಅದೂ ಬೇಕಾದದ್ದೇ. "ಆಗುತ್ತೆ. ಬೇಗ ತಂದ್ಕೊಡಿ."

"ಇವರು ಬೆಂಕಿ ಆರ್ಸಕ್ ಹೋದ್ರು. ಒಬ್ಬಳೇ ಎತ್ತಕ್ಕಾಗಲ್ಲ ನನಗೆ."

ಇಬ್ಬರೂ ಹೊಸ್ತಿಲ ಎರಡು ಕಡೆ ನಿಂತರು. ನಾಲ್ಕನೇ ಜ್ವರ ಎದ್ದು ಐದು ದಿನವಾಗಿದ್ದ ಹುಳು, ಇನ್ನೆರಡು ದಿನಕ್ಕೆ ಗೂಡು ಕಟ್ಟುವಂಥವು. ಅಂಥ ಹೊತ್ತಿನಲ್ಲಿ ಸೋಪಿನ ವಾಸನೆಯವರನ್ನೂ ವರಲಕ್ಷ್ಮಮ್ಮ ಹತ್ತಿರ ಸೇರಿಸುವವಳಲ್ಲ. ಎದುರಿಗೆ ಹರಳೆಣ್ಣೆ ಸುರಿಯುವ ತಲೆ, ಬೈಕಿನ ಧೂಳು, ಗಂಗುಲಮ್ಮನ ಮೊಮ್ಮಗಳು. ವರಲಕ್ಷ್ಮಮ್ಮ ಬಾಗಿಲಿಂದ ಪಕ್ಕಕ್ಕೆ ಸರಿದಳು.

"ಬಾ" ಎಂದಳು. "ಬಾ ಒಳಕ್ಕೆ."

ಒಳಗೆ ಕತ್ತಲು, ಸೆಕೆ. ತಟ್ಟೆಯ ಸಾಲುಗಳಲ್ಲಿ ಸಾವಿರಾರು ಹುಳು ಸೊಪ್ಪು ಮೇಯುವ ಸದ್ದು. ಗಂಗುಲಮ್ಮ ಇಪ್ಪತ್ತೆರಡು ವರ್ಷ ಹೊರಗೆ ನಿಂತು ಕೇಳಿದ ಸದ್ದನ್ನು ಸಂಘಮಿತ್ರ ಒಳಗೆ ನಿಂತು ಕೇಳಿದಳು. ಹಿಗ್ಗಲಿಲ್ಲ, ಸಿಟ್ಟೂ ಬರಲಿಲ್ಲ. ಅಜ್ಜಿ ಇಲ್ಲಿರಬೇಕಿತ್ತು ಎಂದು ಮಾತ್ರ ಅನ್ನಿಸಿತು. ಯಂತ್ರದ ಒಂದು ತುದಿ ಅವಳು ಹಿಡಿದಳು, ಇನ್ನೊಂದು ತುದಿ ವರಲಕ್ಷ್ಮಮ್ಮ. ಏದುಸಿರು ಬಿಡುತ್ತ ಮಾಳಿಗೆಗೆ ಹತ್ತಿಸಿದರು.

ಏಳು ಗಂಟೆಯ ಹೊತ್ತಿಗೆ ಗಾಳಿ ತಿರುಗಿತು, ಹೊಗೆ ತೆಳುವಾಯಿತು. ಸಂಘಮಿತ್ರ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೈಗೆ ಬಂದದ್ದನ್ನು ನೋಡಿದಳು. ಶುರುವಿನ ಹದಿನೈದು ನಿಮಿಷ, ಕೊನೆಯ ಮೂರು ಗಂಟೆ. ನಡುವಿನ ಎರಡೂವರೆ ಗಂಟೆ ಹುಳು ಮನೆಯ ಒಳಗಿನದು. ಅಧ್ಯಾಯ ಕುಂಟುತ್ತದೆ; ಆದರೆ ನಡೆಯುತ್ತದೆ. ನಡುವಿನದನ್ನು ಅಳಿಸಿಹಾಕುವ ಮೊದಲು ಒಂದು ಸಲ ತೆರೆದು ನೋಡಿದವಳು ಅಳಿಸದೆ ಕೂತುಬಿಟ್ಟಳು.

ಕಿಟಕಿಯ ಗೋಣಿ ತೆಗೆದು ಗಾಳಿ ಬಿಟ್ಟು ಬಂದ ವರಲಕ್ಷ್ಮಮ್ಮ ಪಕ್ಕದಲ್ಲಿ ಕೂತಳು. "ಏನಂತೈತೆ? ಒಳಗಡೆ ಹೊಗೆ ಬಂದಿರ್ಲಿಲ್ಲ ತಾನೇ?"

ಹೇಳಲೋ ಬೇಡವೋ ಎಂದು ಸಂಘಮಿತ್ರ ತಡೆದಳು. ಆದರೆ ಈ ಡಬ್ಬ ಸುಳ್ಳು ಹೇಳುವ ಪೈಕಿ ಅಲ್ಲ ಎಂದು ಒಪ್ಪಿದವಳ ಮುಂದೆ ತಾನು ಹೇಗೆ ಸುಳ್ಳು ಹೇಳುವುದು?

"ದಪ್ಪ ಬೂದಿಯೆಲ್ಲ ಗೋಣಿಲೇ ನಿಂತಿದೆ ಅಮ್ಮ. ಸಣ್ಣದು ನಿಂತಿಲ್ಲ. ಒಳಗೆ ತರೋ ಮುಂಚೆ ಹೊರಗಡೆ ಎಷ್ಟಿತ್ತೋ ಒಳಗೂ ಹೆಚ್ಚುಕಡಿಮೆ ಅಷ್ಟೇ ಇದೆ."

"ಎಷ್ಟು ಸಣ್ಣದು?"

"ಒಂದು ಕೂದಲನ್ನ ಉದ್ದುದ್ದಕ್ಕೆ ಇನ್ನೂರು ಸೀಳು ಮಾಡಿದ್ರೆ, ಒಂದು ಸೀಳಿನ ದಪ್ಪ. ಕಣ್ಣಿಗೆ ಕಾಣಲ್ಲ."

"ಅಂದ್ರೆ ಪ್ರತಿ ವರ್ಷ ಬೆಟ್ಟ ಉರಿದಾಗ್ಲೂ..."

"ಪ್ರತಿ ವರ್ಷವೂ ಒಳಗೆ ಬಂದಿರುತ್ತೆ."

ಕೆಳಗೆ ತೋಟದಲ್ಲಿ ಮುನಿಗಂಗಪ್ಪನೂ ರಾಮಾಂಜಿನಪ್ಪನೂ ಮಸಿ ಮುಖದಲ್ಲಿ ಬರುತ್ತಿದ್ದರು, ವರಲಕ್ಷ್ಮಮ್ಮ ಅವರ ಕಡೆ ನೋಡಲೂ ಇಲ್ಲ. ಸಂಘಮಿತ್ರಳನ್ನು ಕೇಳಿದಳು:

"ಹಂಗಾದ್ರೆ, ನಿಮ್ಮಜ್ಜಿನ ಹೊಸ್ತಿಲಾಚೆ ನಿಲ್ಲಿಸಿ ನಾವು ತಡೆದಿದ್ದು ಏನೇ?"

ಸಂಘಮಿತ್ರ ಪರದೆಯಿಂದ ಕಣ್ಣೆತ್ತಲಿಲ್ಲ. "ಅಜ್ಜಿ ಐದಡಿ ಎತ್ತರ ಅಮ್ಮ" ಎಂದಳು. "ಆ ಸೈಜಿನದು ತಡೆಯೋದು ಸುಲಭ."

ಹೇಳಿದ ಮೇಲೆ, ಜಾಸ್ತಿ ಆಯಿತೇನೋ ಎಂದು ಅವಳಿಗೆ ಕಸಿವಿಸಿಯಾಯಿತು. ವರಲಕ್ಷ್ಮಮ್ಮ ಕೈ ಮುಂದೆ ಚಾಚಿದಳು.

"ಫೋನ್ ಮಾಡ್ಕೊಡು."

"ಯಾರಿಗಮ್ಮ?"

"ಅವರಿಗೇ."

ಗಂಟೆ ಹೊಡೆದುಕೊಳ್ಳುವಷ್ಟು ಹೊತ್ತೂ ವರಲಕ್ಷ್ಮಮ್ಮ ಸೆರಗಿನ ಅಂಚು ತಿರುಚುತ್ತಿದ್ದಳು. ಊರಿನ ಮುಂದೆ ಗಂಡನಿಗೆ ನೀರಿಳಿಸಬಲ್ಲ ಹೆಂಗಸು, ಆ ಕಡೆಯಿಂದ "ಯಾರು?" ಎಂದು ಕೇಳಿದಾಗ ತಡವರಿಸಿದಳು. ಮತ್ತೆ "ಯಾರೂ?" ಎಂಬ ದನಿ.

"ಗಂಗುಲಮ್ಮ, ನಾನು ವರಲಕ್ಷ್ಮಿ" ಎಂದಳು ಕೊನೆಗೆ. "ನಿಮ್ಮತ್ರ ಸೊಪ್ಪು ಈಸ್ಕೊಳ್ತಿದ್ದೋಳು. ಈ ಸಲದ ಹುಳು ಹಣ್ಣಾಗಿ ಗೂಡು ಕಟ್ಟೋ ಟೈಮು. ಒಂದ್ಸಲ ಬಂದು ನೋಡ್ಕೊಂಡ್ ಹೋಗ್ಬೇಕು ನೀವು. ಒಳಗೇ."

ಗಂಗುಲಮ್ಮ ಏನೆನ್ನುವಳೋ ಎಂದು ಸಂಘಮಿತ್ರ ಫೋನಿನ ಹತ್ತಿರಕ್ಕೆ ಕಿವಿ ತಂದಳು.

"ಯಾಕಮ್ಮ?" ಎಂದಳು ಎಂಬತ್ತೊಂದರ ಮುದುಕಿ. "ಸೊಪ್ಪು ಕಮ್ಮಿ ಬಿತ್ತಾ?"